ಹಾಡು ನಿಂತ ಸಂಜೆ



2011ರ ಮೇ 22, ಭಾನುವಾರ ಸಂಜೆ. ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಊರಿಗೆ ಸುಂಟರಗಾಳಿ ಬಡಿದು ಸುಮಾರು 160 ಜನ ಸತ್ತರು. ಕರೆಂಟ್ ಹೋಯಿತು, ಫೋನ್ ಸಿಗುವುದೇ ಕಷ್ಟವಾಯಿತು.

ಅಲ್ಲಿನ ಜಿಮ್ಮರ್ ರೇಡಿಯೋ ಬಳಗ ಎಂದಿನ ಕಾರ್ಯಕ್ರಮಗಳನ್ನು ಬಿಟ್ಟು, ಹಗಲೂ ರಾತ್ರಿ ಕೇಳುಗರ ಕರೆಗಳನ್ನೇ ಬಿತ್ತರಿಸಿತು. ಅಮ್ಮನನ್ನು ಯಾರಾದರೂ ಕಂಡಿರಾ? ಆ ಬೀದಿಯ ಮನೆಗಳು ಉಳಿದಿವೆಯೇ? ಊರಿಂದ ದೂರವಿರುವ ನಮಗೆ ಈ ಆತಂಕವನ್ನು ಬಿಡಿಸಿ ಹೇಳಬೇಕೆ! ನಿರೂಪಕರಿಗೆ ಉತ್ತರ ತಿಳಿದಿರಲಿಲ್ಲ. ಕೇಳುತ್ತಿದ್ದವರಲ್ಲಿ ಯಾರಿಗಾದರೂ ತಿಳಿದಿದ್ದರೆ ಅವರೇ ಹೇಳಬೇಕಿತ್ತು.

ಮೇ 26ರಂದು ಸರ್ಕಾರ ಸುಳಿವು ಸಿಗದ 232 ಜನರ ಹೆಸರು ಪ್ರಕಟಿಸಿತು. ಅದರಲ್ಲಿ ಎಷ್ಟೋ ಮಂದಿ ಬದುಕಿದ್ದರು. ‘ನಾನು ಕ್ಷೇಮ’ ಎಂಬ ಮಾತು ತಲುಪಿರಲಿಲ್ಲ, ಅಷ್ಟೆ. ಉಳಿದ ಮನೆಗಳವರು ಶವಾಗಾರದ ಸುದ್ದಿಗೆ ಕಾಯುತ್ತಿದ್ದರು.