ಬಿಲ್ವ ಮತ್ತು ಬೇಲ

ಅತಿಸಾರ, ಗ್ರಹಣಿ ಮೊದಲಾದ ರೋಗಗಳಿಗೆ ನಮ್ಮ ಪ್ರಾಚೀನ ವೈದ್ಯರು ವಿಧಿಸಿದ ಫಲಗಳಲ್ಲಿ ಬಿಲ್ವಕ್ಕೆ ಅಗ್ರಸ್ಥಾನವುಂಟು. ಒಂದೊಂದು ಕಾರ್ಯಕ್ಕೆ ಶ್ರೇಷ್ಠವಾದ ದ್ರವ್ಯವನ್ನು ಎಣಿಸುವಲ್ಲಿ ಚರಕಸಂಹಿತೆಯು, ಮಲವನ್ನು ಕಟ್ಟಿ ಅಗ್ನಿಯನ್ನು ದೀಪಿಸತಕ್ಕವುಗಳಲ್ಲಿ ಬಿಲ್ವವನ್ನೇ ಉತ್ತಮವೆಂದು ಗಣಿಸಿದೆ. ಆದರೆ ಕಾಯೋ ಹಣ್ಣೋ? ಅದೇ ಸಂಹಿತೆಯ ಅನ್ನಪಾನವಿಧಿಯಲ್ಲಿ ಪಕ್ವಬಿಲ್ವವು ದುರ್ಜರವೂ ದೋಷಕರವೂ ಎಂದೂ, ಎಳೆಯದು ದೀಪನವೂ ಕಫವಾತಹರವೂ ಎಂದೂ ವಿಭಾಗಿಸಿದೆ. ಸುಶ್ರುತನಾದರೋ ಇದನ್ನು ನಿಯಮಾಪವಾದಗಳ ರೂಪದಲ್ಲಿಯೇ ವಿಧಿಸುತ್ತಾನೆ: ಫಲಗಳು ಸಾಮಾನ್ಯವಾಗಿ ಪಕ್ವವಾದಾಗ ಗುಣಶಾಲಿಗಳು, ಬಿಲ್ವಕ್ಕೆ ಮಾತ್ರ ಈ ನಿಯಮ ಸಲ್ಲದು. ಹಣ್ಣಾಗದ ಕಾಯಿಗೆ ಅಮರಕೋಶವು ಕೊಡುವ ಹೆಸರು ‘ಶಲಾಟು’. ಆದಕಾರಣ ವೈದ್ಯಗ್ರಂಥದಲ್ಲಿ ‘ಬಿಲ್ವಶಲಾಟು’ ಎಂದಿರುವಲ್ಲಿ ‘ಬಿಲ್ವದ ಹಣ್ಣು’ ಎಂದು ಅರ್ಥ ಬರೆದರೆ ಔಷಧವೇ ಕೆಟ್ಟಂತಾಯಿತು.

ಕನ್ನಡದಲ್ಲಿ ಇದಕ್ಕಿಂತಲೂ ದೊಡ್ಡ ಪ್ರಮಾದಕ್ಕೆ ಆಸ್ಪದವಿದೆ. ಹಿಂದಿ, ಬಂಗಾಳಿ ಭಾಷೆಗಳಲ್ಲಿ ‘ಬೇಲ್’ ಎಂದರೆ ಬಿಲ್ವ. ನಮ್ಮಲ್ಲಿ ‘ಬೇಲ’ವೆಂದರೆ ಕಪಿತ್ಥ, ಉತ್ತರ ಕರ್ನಾಟಕದವರು ಬಳವಲವೆನ್ನುವುದೂ ಇದನ್ನೇ. ಈ ಪದವು ತಮಿಳಿನ ವಿಳಾ, ತೆಲುಗಿನ ವೆಲಗ ಎಂಬವುಗಳ ಬಂಧುವೇ ಹೊರತು, ಕಿವಿಗೆ ತೋರುವಂತೆ ಬಿಲ್ವದ ತದ್ಭವವಲ್ಲ. ಗಣಪತಿಗೆ ನೇರಿಳೆಯೊಡನೆ ಪ್ರಿಯವೆಂದು ಮಕ್ಕಳೂ ಬಲ್ಲ ಫಲವಿದು. ಹಿಂದಿಯಿಂದ ಅನುವಾದವಾದ ಒಂದು ಗೃಹವೈದ್ಯದ ಪುಸ್ತಕದಲ್ಲಿ, ಅತಿಸಾರಕ್ಕೆ ‘ಎಳೆಯ ಬೇಲದ ಕಾಯಿ’ಯನ್ನು ಒಣಗಿಸಿ ಕೊಡಬೇಕೆಂದು ಬರೆದಿರುವುದನ್ನು ನಾನೇ ನೋಡಿದ್ದೇನೆ. ಅನುವಾದಕರ ಹೆಸರು ಇಲ್ಲಿ ಅನಗತ್ಯ.

ಕಪಿತ್ಥವೂ ಗ್ರಾಹಿಯಷ್ಟೆ, ದೋಷವೇನು? ಎಂದು ಕೇಳಬಹುದು. ಅಮರನು ‘ಗ್ರಾಹಿ’ ಎಂಬುದನ್ನು ಕಪಿತ್ಥದ ಪರ್ಯಾಯಗಳಲ್ಲಿಯೇ ಸೇರಿಸಿದ್ದಾನೆ. ವಾಗ್ಭಟನ ಅತಿಸಾರಚಿಕಿತ್ಸೆಯಲ್ಲಿ ಕಪಿತ್ಥಾಷ್ಟಕ ಚೂರ್ಣವೂ ಉಂಟು. ಎಲ್ಲವೂ ನಿಜ. ಆದರೆ ಚರಕಮತದಲ್ಲಿ ಹಸಿಯ ಕಪಿತ್ಥವು ಗ್ರಾಹಿಯಾದರೂ ಕಂಠಕ್ಕೆ ಕೇಡು, ವಾತವರ್ಧಕ; ಪಕ್ವವಾದುದೇ ದೋಷಹರ. ಬಿಲ್ವದಲ್ಲಿ ಕಾಯಿ ಮೇಲು, ಬೇಲದಲ್ಲಿ ಹಣ್ಣು ಮೇಲು. ಒಂದರ ವಿಧಿಯನ್ನು ಮತ್ತೊಂದಕ್ಕೆ ಹಚ್ಚಿದರೆ ರೋಗಿಗೆ ದೊರೆಯುವುದು ವಾತವನ್ನು ಕೆರಳಿಸುವ ಕಾಯಿ.

ಹೆಸರಿನ ತೊಡಕು ನಮ್ಮವರಿಗೇ ಮೀಸಲಲ್ಲ. ಗೋವೆಯಲ್ಲಿ ನೆಲೆಸಿದ್ದ ಪೋರ್ತುಗೀಸ್ ವೈದ್ಯ ಗಾರ್ಸಿಯಾ ದ ಓರ್ತನು 1563ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆಮಶಂಕೆಗೆ ಬಿಲ್ವವು ಹಿತವೆಂಬುದನ್ನು ಯೂರೋಪಿನವರಿಗೆ ತಿಳಿಸಿದನು. ಹೆಸರು ಮಾತ್ರ ತನ್ನ ನಾಡಿನ ಒಂದು ಫಲದ್ದನ್ನೇ ಇಟ್ಟು ‘ಬಂಗಾಳದ ಮಾರ್ಮೆಲೊ’ ಎಂದನು. ಸಸ್ಯಶಾಸ್ತ್ರಜ್ಞರು ಬಿಲ್ವವನ್ನು ಇಂದಿಗೂ ‘ಈಗ್ಲೆ ಮಾರ್ಮೆಲೋಸ್’ ಎಂದು ಕರೆಯುವುದು ಇದರಿಂದಲೇ. ಆತನು ಹೇಳಿದ ಗುಣವನ್ನು ಯೂರೋಪು ಲಕ್ಷ್ಯಕ್ಕೆ ತಂದುಕೊಂಡುದು 1850ರ ಸುಮಾರಿಗೆ. 1868ರ ಭಾರತೀಯ ಔಷಧಸಂಹಿತೆಯಲ್ಲಿ ಬಿಲ್ವಕ್ಕೆ ಸ್ಥಾನ ದೊರೆಯಿತು.

ಮರವನ್ನು ಕಂಡವರಿಗೆ ಸಂದೇಹವಿರದು. ಬಿಲ್ವಕ್ಕೆ ಮೂರು ದಳದ ಪತ್ರೆ, ನುಣುಪಾದ ಚಿಪ್ಪು, ಹಳದಿಯ ಅಂಟುತಿರುಳು. ಬೇಲಕ್ಕೆ ಐದೋ ಏಳೋ ಕಿರುದಳಗಳ ಎಲೆ, ಒರಟಾದ ಬೂದುಚಿಪ್ಪು, ಕಂದುಬಣ್ಣದ ಹುಳಿತಿರುಳು. ಸಂಸ್ಕೃತ ವೈದ್ಯಗ್ರಂಥಗಳಿಗೆ ಕನ್ನಡ ಟೀಕೆಯನ್ನು ಬರೆಯುವವರು ಬಿಲ್ವವೆಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಕಾಯೋ ಹಣ್ಣೋ ಎಂಬುದನ್ನು ಪ್ರತಿಯೊಂದು ಯೋಗದಲ್ಲಿಯೂ ನಮೂದಿಸುವುದು ಒಳ್ಳೆಯದು.