ಶ್ರೀಶೈಲದ ಅಡವಿ ಹಾದಿ, ಕೃಷ್ಣಾ ಹೊಳಿ ಹರಗೋಲು

ಹೋಳಿ ಹುಣ್ಣಿಮಿ ಸಮೀಪ ಬಂತಂದ್ರ ನಮ್ಮ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಕಡೆ ರಸ್ತೆದ ಬಾಜೂಕ ಮಂದಿ ಸಾಲು ಹಚ್ಚಿ ನಡೀಲಿಕ್ಕೆ ಸುರು ಮಾಡ್ತಾರ. ಮುಂದ ಮಲ್ಲಯ್ಯನ ಕಂಬಿ, ಹಿಂದ ಗಂಡಸರು, ಅವರ ಹಿಂದ ತಲಿಮ್ಯಾಲ ಗಂಟು ಇಟಗೊಂಡ ಹೆಣ್ಮಕ್ಕಳು. ಯುಗಾದಿಗೆ ಶ್ರೀಶೈಲ ಮುಟ್ಟಬೇಕು. ವಿಜಯಪುರದಿಂದ ಲೆಕ್ಕ ಹಾಕಿದ್ರೂ 400 ಕಿಲೋಮೀಟರಿನ ಮ್ಯಾಲ. ದಿನಕ್ಕ ಮೂವತ್ತು ಕಿಲೋಮೀಟರ್ ನಡದ್ರೂ ಎರಡು ವಾರ. ನಾವು ದಾರಿಯೊಳಗ ನಿಂತು ಮಜ್ಜಿಗಿ ಕೊಡ್ತೀವಿ, ಬಾಳಿಹಣ್ಣು ಕೊಡ್ತೀವಿ, ಕಾಲಿಗೆ ಎಣ್ಣಿ ಹಚ್ತೀವಿ. ಆದ್ರ ಈ ಹೆಣ್ಮಕ್ಕಳು ಯಾವಾಗಿಂದ ನಡೀಲಿಕ್ಕತ್ತಾರ, ಹೊಳಿ ಹೆಂಗ ದಾಟ್ತಿದ್ರು, ಅಡವಿದಾಗ ಹೆಂಗ ಮಲಗ್ತಿದ್ರು ಅಂತ ಯಾರೂ ಕೂತು ಬರದಿಲ್ಲ. ಅದಕ್ಕ ನನಗ ಗೊತ್ತಿದ್ದಷ್ಟು ಇಲ್ಲಿ ಬರದಿಡ್ತೀನಿ.

ಮೊದಲ ಹೆಸರು ಅಕ್ಕಮಹಾದೇವಿದು. ಹನ್ನೆರಡನೇ ಶತಮಾನ. ಶಿವಮೊಗ್ಗಾ ಜಿಲ್ಲಾದ ಉಡುತಡಿಯೊಳಗ ಹುಟ್ಟಿದಾಕಿ. ಕೌಶಿಕ ರಾಜನ ಅರಮನಿ ಬಿಟ್ಟು ಕಲ್ಯಾಣಕ್ಕ ಬಂದ್ಲು, ಅಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗೆಲ್ಲಾ ಉತ್ತರಾ ಕೊಟ್ಲು, ಆಮ್ಯಾಲ ಕಲ್ಯಾಣನೂ ಬಿಟ್ಟು ಶ್ರೀಶೈಲದ ಕದಳಿವನಕ್ಕ ಹೋದ್ಲು. ಇವತ್ತಿನ ರಸ್ತೆ ಲೆಕ್ಕದಾಗ ನೋಡಿದ್ರ ಈ ನಡಿಗಿ 800 ಕಿಲೋಮೀಟರಿಗೆ ಕಡಿಮಿ ಆಗಂಗಿಲ್ಲ. ಪುರಾಣ ಹೇಳೂ ಮುಂದ ನಾವು ಆಕಿ ವೈರಾಗ್ಯದ ಸುದ್ದಿ ಕೇಳಿ ಕಣ್ಣೀರು ಹಾಕ್ತೀವಿ, ಕಾಲಿನ ಸುದ್ದಿ ಯಾರೂ ತಗ್ಯಂಗಿಲ್ಲ. ಆ ವಯಸ್ಸಿನ ಹುಡುಗಿ, ಒಬ್ಬಾಕಿ, ಹುಲಿ ಇರೂ ಅಡವಿ. ನನಗಂತೂ ಆ ನಡಿಗಿ ನೆನಸಿಕೊಂಡ್ರನ ಮೈ ಜುಂ ಅಂತದ.

ಅಡವಿ ಅಂದ್ರ ನಲ್ಲಮಲ. ಆಂಧ್ರ, ತೆಲಂಗಾಣ ಎರಡೂ ಕಡೆ ಹಬ್ಬಿದ್ದು. ಈಗ ಅದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಅಭಯಾರಣ್ಯ, ದೇಶದೊಳಗ ಎಲ್ಲಾದಕ್ಕೂ ದೊಡ್ಡದು ಅಂತಾರ. ನಮ್ಮ ಕಡೆಯವರು ರಾಯಚೂರು, ಕರ್ನೂಲು ಹಾದು ಆತ್ಮಕೂರಿಗೆ ಹೋಗ್ತಾರ. ಅಲ್ಲಿಂದ ಮುಂದ ವೆಂಕಟಾಪುರದಾಗ ಡಾಂಬರ ರಸ್ತೆ ಬಿಟ್ಟು ಅಡವಿ ಹಾದಿ ಹಿಡೀತಾರ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳ, ಆಮ್ಯಾಲ ಕೈಲಾಸದ್ವಾರ. 40 ಕಿಲೋಮೀಟರಿನ ಮ್ಯಾಲ ಕಲ್ಲು, ಏರು, ಇಳುವು. ಭೀಮುನಿ ಕೊಳದಿಂದ ಮ್ಯಾಲ ಏರೂ ಮೆಟ್ಟಲ ಅದಾವಲ್ಲ, ಅಲ್ಲಿ ಹೋಗಿ ಬಂದವರನ್ನ ಕೇಳ್ರಿ, ದೇವರ ಹೆಸರಿಗಿಂತ ಮೊಣಕಾಲಿನ ಹೆಸರು ಜಾಸ್ತಿ ತಗೋತಾರ.

ಆ ಬೆಟ್ಟಕ್ಕ ಮೆಟ್ಟಲ ಕಟ್ಟಿಸಿದವರೊಳಗ ಹದಿನಾಲ್ಕನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನ ಹೆಸರು ಬರ್ತದ. ಆದ್ರ ನಾವು ನೆನಪಿಡಬೇಕಾದ ಹೆಸರು ಇನ್ನೊಂದದ. ಗುಡಿಯಿಂದ ಕೆಳಗ ಕೃಷ್ಣಾ ಹೊಳಿಗೆ, ಅಂದ್ರ ಪಾತಾಳಗಂಗಿಗೆ, ಇಳಿಯೂ ಮೆಟ್ಟಲ 1393ರಾಗ ಕಟ್ಟಿಸಿದಾಕಿ ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ. ಇದು ರಾಣಿಯ ಪುಣ್ಯದ ಕೆಲಸ ಅಂತ ಹೇಳಿ ಮುಗಸ್ತಾರ. ನನಗ ಅನಸೂದು ಬ್ಯಾರೆ. ಒದ್ದಿ ಸೀರಿ ಉಟಗೊಂಡು, ತುಂಬಿದ ಕೊಡ ಹೊತ್ತು ಜಾರೂ ಇಳುವನ್ಯಾಗ ಏರಿ ಇಳದ ಹೆಣ್ಮಕ್ಕಳನ್ನ ಕಂಡಾಕಿಗೇ ಮೆಟ್ಟಲ ಬೇಕು ಅಂತ ಹೊಳಿಯೂದು. 1677ರಾಗ ಶಿವಾಜಿ ಮಹಾರಾಜರು ಶ್ರೀಶೈಲಕ್ಕ ಬಂದಿದ್ದು ಎಲ್ಲಾರಿಗೂ ಗೊತ್ತು. ವಿಠಲಾಂಬೆ ಹೆಸರು ನಮ್ಮೂರಾಗ ಹತ್ತು ಮಂದಿನ ಕೇಳಿ ನೋಡ್ರಿ.

ಅಡವಿದಾಗ ಇರವರು ಚೆಂಚು ಮಂದಿ. ಅವರ ಪ್ರಕಾರ ಮಲ್ಲಯ್ಯ ಅವರ ಹುಡುಗೀನ್ನ ಲಗ್ನ ಆದಾಂವ, ಅಂದ್ರ ಅವರ ಮನಿ ಅಳಿಯ. ಚೆಂಚು ಮಲ್ಲಯ್ಯ ಅಂತನ ಕರೀತಾರ. ನಮ್ಮ ಕನ್ನಡದವರ ಪ್ರಕಾರ ಭ್ರಮರಾಂಬಾ ನಮ್ಮ ಮನಿ ಮಗಳು. ಅದಕ್ಕ ಯುಗಾದಿಗೆ ಹೋಗವರು ಸೀರಿ, ಖಣ, ಬಳಿ, ಅರಿಷಿಣ ಕುಂಕುಮ ಒಯ್ತಾರ, ತವರಮನಿಯವರು ಮಗಳ ಉಡಿ ತುಂಬಿದಂಗ. ಈ ಸುದ್ದಿ ಸಣ್ಣದಲ್ಲ. ಗಂಡಸರು ದರ್ಶನಕ್ಕ ಹೋಗ್ತಾರ, ಹೆಣ್ಮಕ್ಕಳು ಮಗಳನ್ನ ನೋಡಾಕ ಹೋಗ್ತಾರ. ಮಗಳನ್ನ ನೋಡಾಕ ಹೋಗ್ತೀನಿ ಅಂದಾಕಿನ್ನ ಯಾರು ತಡೀತಾರ?

ಇನ್ನ ಹೊಳಿ. ನಮ್ಮ ಅಗರಖೇಡದವರಿಗೆ ಭೀಮಾ ಹೊಳಿ ಅಂಗಳ ಇದ್ದಂಗ, ಆದ್ರ ಶ್ರೀಶೈಲಕ್ಕ ಹೋಗಬೇಕಂದ್ರ ದಾಟಬೇಕಾದ್ದು ಕೃಷ್ಣಾ. ನಮ್ಮ ಆಯಿ ಹೋದಾಗ ಮುದ್ದೇಬಿಹಾಳದ ಆಚೆ ಹರಗೋಲಿನ್ಯಾಗ ದಾಟಿದ್ಲಂತ. ಬ್ಯಾಸಗಿ ಹೊಳಿ ಆದ್ರೂ ನಡುವ ಮಡು ಇರ್ತಾವ. ಹರಗೋಲು ಕಂಡಿಲ್ಲದ ಹುಡುಗ್ಯಾರಿಗೆ ಹೇಳ್ತೀನಿ, ಅದು ದೊಡ್ಡ ಬುಟ್ಟಿ. ಬಿದಿರಿನಿಂದ ಹೆಣದು ಹೊರಗ ತೊಗಲು ಹೊದಸ್ತಿದ್ರು, ಈಗ ಡಾಂಬರ ಬಳದ ತಾಡಪಾಲ. ಮುಂದ ಹಿಂದ ಅನ್ನೂದಿಲ್ಲ, ಅಂಬಿಗ ಹುಟ್ಟು ಹಾಕಿದಂಗ ತಿರುಗತಾ ತಿರುಗತಾ ಹೋಗ್ತದ. ಆಯಿ ಹೇಳ್ತಿದ್ಲು, "ಬೀಸೂಕಲ್ಲಿನ ಮ್ಯಾಲ ಕುಂತಂಗ ಆಗಿತ್ತು, ಕಣ್ಣು ಮುಚ್ಚಿದ್ರ ಮತ್ತಷ್ಟು ತಿರಗ್ತಿತ್ತು."

ಆಯಿ ಹೇಳಿದ್ದನ್ನ ಐದುನೂರು ವರ್ಷದ ಹಿಂದ ಒಬ್ಬ ಪರದೇಶಿ ಹೇಳ್ಯಾನ. 1520ರ ಸುಮಾರಿಗೆ ವಿಜಯನಗರಕ್ಕ ಬಂದ ಪೋರ್ಚುಗೀಸ ದೋಮಿಂಗೊ ಪಾಯಸ್, ಆನೆಗೊಂದಿ ಹತ್ತರ ಹೊಳಿ ದಾಟಿಸೂ ಬುಟ್ಟಿ ದೋಣಿ ನೋಡಿ ಬರದಾನ: ಒಳಗ ಬೆತ್ತ, ಹೊರಗ ತೊಗಲು, ಹದಿನೈದಿಪ್ಪತ್ತು ಮಂದಿ ಹಿಡೀತಾರ, ಬೇಕಾದ್ರ ಕುದುರಿ ಎತ್ತೂ ದಾಟಸ್ತಾರ, ನೆಟ್ಟಗ ಹೋಗೂದ ಇಲ್ಲ ಅಂತ. ಕೃಷ್ಣಾ ದಾಟಿದ್ದು ಇತಿಹಾಸದ ಪುಸ್ತಕದಾಗ ಅದ, ಅದು 1565ರ ತಾಳಿಕೋಟಿ ಯುದ್ಧದ್ದು. ಸುಲ್ತಾನರ ದಂಡು ಹೊಳಿ ದಂಡಿಗುಂಟ ಬ್ಯಾರೆ ಕಡೆ ಹೋದಂಗ ಮಾಡಿ, ವಿಜಯನಗರದವರನ್ನ ಆ ಕಡೆ ಎಳದು, ತಿರುಗಿ ಬಂದು ಕಾಲಿಂದ ಹಾಯೂ ಜಾಗದಾಗ ದಾಟಿದ್ರು. ಸಾಲಿಯೊಳಗ ನಾವೆಲ್ಲಾ ಬಾಯಿಪಾಠ ಮಾಡೀವಿ. ಒಂದ ಸಲ ದಾಟಿದ ದಂಡಿನ ಸುದ್ದಿ ಪುಸ್ತಕದಾಗ ಸಿಕ್ತದ. ವರ್ಷಾ ವರ್ಷಾ ದಾಟಿದ ಆಯಿಗೋಳ ಸುದ್ದಿ ಸಿಗಬೇಕಂದ್ರ ಅಡಗಿಮನಿಯೊಳಗ ಕೂತು ಕೇಳಬೇಕು.

ನಮ್ಮ ಅಕ್ಕನ ಮಗಳು ಅಮೆರಿಕಾದ ಮಿನ್ನೆಸೋಟಾದಾಗ ಇದ್ದಾಳ. ಆಕಿಗೆ ಈ ಹರಗೋಲಿನ ಸುದ್ದಿ ಹೇಳಿದಾಗ ಅಲ್ಲೀದೊಂದು ಸುದ್ದಿ ಹೇಳಿದ್ಲು. ಮಿಸ್ಸೌರಿ ಹೊಳಿ ದಂಡಿಮ್ಯಾಲ ಮಂಡನ್, ಹಿದಾತ್ಸ ಅಂತ ಮೂಲನಿವಾಸಿ ಮಂದಿ ಇದ್ದಾರ. ಅವರೂ ನಮ್ಮಂಗನ ದುಂಡನೆ ದೋಣಿ ಮಾಡ್ತಿದ್ರು. ಬಿದಿರಿನ ಬದಲಿ ವಿಲೋ ಅನ್ನೂ ಗಿಡದ ಬಳಕೂ ಕಟಗಿ, ಮ್ಯಾಲ ಕಾಡೆಮ್ಮಿ ತೊಗಲು. ನಮ್ಮ ಕಡೆ ಹುಟ್ಟು ಅಂಬಿಗರ ಕೈಯಾಗ, ಅವರ ಕಡೆ ದೋಣಿ ಮಾಡವರೂ ಹೆಣ್ಮಕ್ಕಳು, ಹುಟ್ಟು ಹಾಕವರೂ ಹೆಣ್ಮಕ್ಕಳು. 1804ರಾಗ ಅಮೆರಿಕಾ ಸರಕಾರ ಕಳಿಸಿದ ಲೂಯಿಸ್ ಮತ್ತ ಕ್ಲಾರ್ಕ್ ಅನ್ನವರ ತಂಡ ಆ ಕಡೆ ಹೋದಾಗ, ಗಾಳಿಗೆ ಎತ್ತರೆತ್ತರ ತೆರಿ ಏಳೂ ಹೊಳಿಯೊಳಗ ಮೂವರು ಹೆಣ್ಮಕ್ಕಳು ಇಂಥಾ ಒಂದು ದೋಣಿ ನಡಸಿಕೊಂಡು ದಾಟಿದ್ದನ್ನ ಕ್ಲಾರ್ಕ್ ಬೆರಗಾಗಿ ತನ್ನ ದಿನಚರಿದಾಗ ಬರಕೊಂಡಾನ. ಅವರು ನಮ್ಮನ್ನ ಕಂಡವರಲ್ಲ, ನಾವು ಅವರನ್ನ ಕಂಡವರಲ್ಲ. ಹೊಳಿ, ಬಳಕೂ ಕಟಗಿ, ತೊಗಲು ಇದ್ದಲ್ಲಿ ಮನಷ್ಯಾನ ಕೈಗೆ ಅದ ಬುದ್ಧಿ ಹೊಳೀತದ.

ಈಗ ಅದ ಮಿನ್ನೆಸೋಟಾದಾಗ ಬೌಂಡರಿ ವಾಟರ್ಸ್ ಅಂತ ಅಡವಿ ಅದ, 1,000ಕ್ಕೂ ಹೆಚ್ಚು ಕೆರಿ. 1964ರ ಕಾಯ್ದೆದಿಂದ ಅದನ್ನ ಅಡವಿಯಾಗಿಯೇ ಉಳಿಸ್ಯಾರ. ಭಾಳಷ್ಟು ಕೆರಿದಾಗ ಮೋಟಾರ ಬೋಟ್ ಬಿಡಂಗಿಲ್ಲ, ಹುಟ್ಟು ಹಾಕ್ಕೊಂಡನ ಹೋಗಬೇಕು. ಒಂದು ಕೆರಿ ಮುಗದ್ರ ದೋಣಿ ತಲಿಮ್ಯಾಲ ಡಬ್ಬ ಹಾಕ್ಕೊಂಡು ಮುಂದಿನ ಕೆರಿಗೆ ನಡೀಬೇಕು. ಹಂಪಿ ಕಡೆ ಅಂಬಿಗರು ಹರಗೋಲು ಹೊತ್ತು ನಡಿಯೂದು ನೋಡಿದವರಿಗೆ ಇದು ಹೊಸಾದಲ್ಲ. ನಮ್ಮ ಹುಡುಗಿ ಗಂಡ, ಇಬ್ಬರು ಮಕ್ಕಳನ್ನ ಕರಕೊಂಡು ನಾಕು ದಿನಾ ಹೋಗಿ ಬಂದ್ಲು. ಯಾರಿಗೂ ಹರಕಿ ಇರಲಿಲ್ಲ. ಸುಮ್ಮನ ಹೋಗೂದು, ಸುಮ್ಮನ ಬರೂದು. ಇದನ್ನ ಕೇಳಿ ನಮ್ಮ ಅತ್ತಿ ಅಂದದ್ದು, "ಏನೂ ಬೇಡಿಕೊಳ್ಳದ ಅಷ್ಟು ದೂರ ಯಾಕ ಹೋಗೂದವ್ವ?"

ಆ ಮಾತು ನನ್ನ ತಲಿಯೊಳಗ ಉಳದದ. ಯಾಕಂದ್ರ ನಮ್ಮ ಕಡೆ ಹರಕೀನ ರಜಾಚೀಟಿ. ಆಯಿಗೆ ಆರು ಮಕ್ಕಳು, ಹದಿನಾರು ಮಂದಿ ಮನಿ, ದಿನಾ ಎರಡು ಹೊತ್ತು ರೊಟ್ಟಿ ಬಡಿಯೂದು. ತವರಮನಿಗೆ ನಾಕು ದಿನಾ ಹೋಗತೀನಂದ್ರ ಅತ್ತಿ ಮಾರಿ ಉಬ್ಬತಿತ್ತು. ಆದ್ರ ನಡುವಲ ಮಗನಿಗೆ ಜ್ವರಾ ಇಳೀಲಾರದ ಹೊತ್ತಿನ್ಯಾಗ "ಮಲ್ಲಯ್ಯಾ, ನಿನ್ನ ಬೆಟ್ಟಕ್ಕ ನಡದು ಬರ್ತೀನಿ" ಅಂದ್ಲು ನೋಡ್ರಿ, ಹುಡುಗ ಉಳಿದ, ಆಮ್ಯಾಲ ಆಕಿನ್ನ ತಡಿಯೂ ಧೈರ್ಯ ಯಾರಿಗೂ ಆಗಲಿಲ್ಲ. ಕಡಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಗಂಟು ಕಟಗೊಂಡು ಓಣಿಯ ಒಂಬತ್ತು ಹೆಣ್ಮಕ್ಕಳ ಜೋಡಿ ಹೊಂಟ್ಲು. ಮುದುಕಿ ಆದ ಮ್ಯಾಲ ಆಕಿ ದರ್ಶನದ ಸುದ್ದಿ ಎರಡ ಮಾತಿನ್ಯಾಗ ಮುಗಸ್ತಿದ್ಲು. ಅಡವಿಯೊಳಗ ರಾತ್ರಿ ಒಲಿ ಹಚ್ಚಿ ಹಾಡಿದ್ದು, ಬೆಳದಿಂಗಳು, ಯಾರದೋ ಗಂಡನ್ನ ಅಣಕಿಸಿ ನಕ್ಕಿದ್ದು ಮಾತ್ರ ತಾಸಗಟ್ಲೆ ಹೇಳ್ತಿದ್ಲು. "ಹದಿನೈದು ದಿನಾ ನಾ ಯಾರಿಗೂ ರೊಟ್ಟಿ ಮಾಡ್ಲಿಲ್ಲ" ಅನ್ನೂದು ಪ್ರತಿ ಸಲ ಬರ್ತಿತ್ತು.

ಅಮೆರಿಕಾದಾಗ ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ ಇದ್ಲು. ಒಹಾಯೋ ರಾಜ್ಯದ ಹೊಲಮನಿಯಾಕಿ, 11 ಮಕ್ಕಳನ್ನ ಹಡದಾಕಿ, ಹೊಡಿಯೂ ಗಂಡನ ಕೂಡ ವರ್ಷಾನಗಟ್ಲೆ ಬಾಳೇವು ಮಾಡಿ ಕೊನೀಗೆ ಸೋಡಚೀಟಿ ತಗೊಂಡಾಕಿ. 1955ರಾಗ, 67ನೇ ವಯಸ್ಸಿನ್ಯಾಗ, ಅಪಲೇಶಿಯನ್ ಟ್ರೇಲ್ ಅನ್ನೂ 3,200 ಕಿಲೋಮೀಟರಿಗೂ ಉದ್ದದ ಬೆಟ್ಟದ ಹಾದಿ ಒಬ್ಬಾಕಿನ 146 ದಿನದಾಗ ನಡದು ಮುಗಸಿದ್ಲು. ಒಂದ ಹಂಗಾಮಿನ್ಯಾಗ ಒಬ್ಬಾಕಿನ ಅಷ್ಟು ದೂರ ನಡದ ಮೊದಲನೇ ಹೆಣ್ಮಗಳು. ಕಾಲಾಗ ಕ್ಯಾನ್ವಾಸ ಬೂಟು, ಹೆಗಲಿಗೆ ಕೈಯಿಂದ ಹೊಲಿದ ಚೀಲ, ಮಳಿಗೆ ಬಚ್ಚಲಮನಿಯ ಪ್ಲಾಸ್ಟಿಕ್ ಪರದಾ. ಮಕ್ಕಳಿಗೆ ಒಂದಷ್ಟು ಅಡ್ಯಾಡಿ ಬರ್ತೀನಿ ಅಂತಷ್ಟ ಹೇಳಿ ಹೊಂಟಾಕಿ. ನಮ್ಮ ಆಯಿ ಗಂಟೂ ಅಷ್ಟ ಇತ್ತು, ಕಾಲಾಗ ಚಪ್ಪಲ್ ಸೈತ ಇರಲಿಲ್ಲ. ಗೇಟ್‌ವುಡ್ ಅಜ್ಜಿಗೆ ಹರಕಿ ಬೇಕಾಗಲಿಲ್ಲ, ಆದ್ರ ಆಕಿಗೂ ಮಕ್ಕಳು ದೊಡ್ಡವರಾಗಿ ಮನಿ ಬರಿದಾಗೂತನಕಾ ಕಾಯಬೇಕಾತು.

ಈ ವರ್ಷ ನಮ್ಮ ಓಣಿಯೊಳಗ ಒಬ್ಬ ಕಾಕು, ಅರವತ್ತರ ಹತ್ತರ ಇದ್ದಾಕಿ, ನಡದು ಹೋಗ್ತೀನಿ ಅಂದ್ಲು. ಮಕ್ಕಳು ಒಪ್ಪಲಿಲ್ಲ. "ಕ್ರೂಸರ್ ಮಾಡಿ ಕೊಡ್ತೀವಿ, ಒಂದ ದಿನದಾಗ ದರ್ಶನಾ ಮಾಡಿಸಿಕೊಂಡು ಬರ್ತೀವಿ." ಮಕ್ಕಳು ಕೆಟ್ಟವರಲ್ಲ, ತಾಯಿ ಕಾಲು ನೋಯಬಾರದು ಅಂತನ ಹೇಳಿದ್ರು. ಕಾಕು ನನ್ನ ಮುಂದ ಅಂದ್ಲು, "ದರ್ಶನಕ್ಕ ಕ್ರೂಸರ್ ಸಾಕು ಯವ್ವಾ, ನನಗ ಹಾದಿ ಬೇಕಾಗಿತ್ತು." ನಾ ಆಕಿ ದೊಡ್ಡ ಮಗನ ಕೂಡ ಕೂತು ಮಾತಾಡೀನಿ. ಜೋಡಿ ಯಾರರ ಹೋಗವರು ಇದ್ರ ನೋಡೂಣು ಅಂದಾನ.

ಅದಕ್ಕ ಹೋಗಬೇಕನ್ನವರಿಗೆ ಇಷ್ಟು ತಿಳಿದಿರಲಿ. ಅಡವಿ ಹಾದಿ ಹುಲಿ ಅಭಯಾರಣ್ಯದಾಗ ಇರೂದರಿಂದ ಶಿವರಾತ್ರಿ, ಯುಗಾದಿ ಹೊತ್ತಿಗಷ್ಟ ಬಿಡ್ತಾರ. ನೀರಿನ ಬಾಟ್ಲಿ, ಚೀಲ ಅಲ್ಲೆ ಒಗದು ಬರಬ್ಯಾಡ್ರಿ, ಅದು ಚೆಂಚು ಮಂದಿ ಮನಿ ಅಂಗಳ. ಮೊಣಕಾಲಿಗೆ ಪಟ್ಟಿ ಇರಲಿ, ಗುಂಪು ಬಿಟ್ಟು ಹೋಗಬ್ಯಾಡ್ರಿ. ದರ್ಶನಾದ ಮ್ಯಾಲ ತಿರುಗಿ ಬರೂ ಅವಸರ ಬ್ಯಾಡ, ಪಾತಾಳಗಂಗಿಗೆ ಇಳೀರಿ. ವಿಠಲಾಂಬೆ ಹೆಸರು ನೆನಸಿ ಮೆಟ್ಟಲ ಇಳದ್ರೂ ಅಡ್ಡಿಯಿಲ್ಲ, ಕಾಲು ಬ್ಯಾಡಂದ್ರ ರೋಪ್‌ವೇ ಅದ. ಶ್ರೀಶೈಲದ ಡ್ಯಾಮ್ 1981ರ ಹೊತ್ತಿಗೆ ಆದ ಮ್ಯಾಲ ಅಲ್ಲಿ ಹೊಳಿ ಕೆರಿ ಆಗಿ ನಿಂತದ. ಅಲ್ಲಿಂದ ಮೋಟಾರ ಬೋಟಿನ್ಯಾಗ ಎರಡೂ ಕಡೆ ಬೆಟ್ಟಾ ನೋಡಕೋತ ಹೋದ್ರ ಅಕ್ಕಮಹಾದೇವಿ ಗವಿ ಬರ್ತದ. ಮುಂದ ತಾನಾಗೇ ಆದ ಕಲ್ಲಿನ ದೊಡ್ಡ ಕಮಾನು, ಒಳಗ ಕತ್ತಲಿ. ಒಬ್ಬೊಬ್ಬರ ಅಡ್ಡಾಗಿ ಹೋಗಬೇಕು ಅಷ್ಟು ಸಣ್ಣ ಸಂದಿ, ಕೊನೀಗೆ ಲಿಂಗ. ಬ್ಯಾಟ್ರಿ ಒಯ್ರಿ. ಕಾಕುನ ಜೋಡಿ ಹೋಗವರು ಹೋಳಿಗೆ ಮೊದಲ ನನಗ ಹೇಳ್ರಿ, ಈಗ ಮೂವರು ಆಗೀವಿ.