ಗುಂಡು ಎತ್ತಲು ಗುಂಡಿಗೆ ಇದ್ದರೆ ಸಾಕೇ?

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತೇರು, ಕುಸ್ತಿಯ ಜೊತೆಗೆ ಗುಂಡು ಎತ್ತುವ, ಉಸುಕಿನ ಚೀಲ ಎತ್ತುವ ಸ್ಪರ್ಧೆಗಳೂ ನಡೆಯುತ್ತವೆ. ಹೇಮಗುಡ್ಡದ ಸುತ್ತಲಿನ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಇದು ಹೊಸದಲ್ಲ. ಕಲ್ಲಿನ ಮುಂದೆ ನಿಂತವನ ಸುತ್ತ ಸಿಳ್ಳೆ, ಕೇಕೆ, ಹಲಗೆಯ ಸದ್ದು. 'ಗುಂಡಿಗಿ ಇದ್ರ ಎತ್ತಿ ತೋರ್ಸಲೇ' ಎಂದು ಗೆಳೆಯರು ಕೆಣಕುತ್ತಾರೆ. ಪಟ್ಟಣದ ಜಿಮ್‌ಗಳಲ್ಲಿ ಕಲ್ಲಿನ ಬದಲು ಕಬ್ಬಿಣದ ಪ್ಲೇಟುಗಳಿವೆ, ಹಲಗೆಯ ಬದಲು ಮೊಬೈಲ್ ಕ್ಯಾಮೆರಾ ಇದೆ. ಮಾತು ಮಾತ್ರ ಅದೇ: ಛಲವಿದ್ದರೆ ಸಾಕು, ತಯಾರಿ ಎಲ್ಲಾ ಅಂಜುಬುರುಕರಿಗೆ.

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಅಪಾಯ ಇರುವುದೂ ಅಲ್ಲಿಯೇ.

ಕೇಕೆ ಹಾಕಿದರೆ ಬಲ ಹೆಚ್ಚುತ್ತದೆಯೇ?

ಹೌದು, ಸ್ವಲ್ಪ ಹೆಚ್ಚುತ್ತದೆ. ಸೈಕಲ್ ಸವಾರರು ಒಬ್ಬರೇ ಓಡಿಸುವಾಗಿಗಿಂತ ಪೈಪೋಟಿಯಲ್ಲಿ ಓಡಿಸುವಾಗ ಹೆಚ್ಚು ವೇಗ ತೋರುತ್ತಾರೆ ಎಂಬುದನ್ನು ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಗುರುತಿಸಿದ್ದರು. 1961ರಲ್ಲಿ ಇಕಾಯಿ ಮತ್ತು ಸ್ಟೈನ್‌ಹೌಸ್ ಎಂಬ ಸಂಶೋಧಕರು ತೋಳಿನಿಂದ ಎಳೆಯುವ ಬಲವನ್ನು ಅಳೆದರು. ಹಿಂದೆ ದಿಢೀರನೆ ಪಿಸ್ತೂಲಿನ ಸದ್ದು ಕೇಳಿಸಿದಾಗ, ಅಥವಾ ಎಳೆಯುವವರೇ ಜೋರಾಗಿ ಕೂಗಿದಾಗ, ಬಲ ಹೆಚ್ಚಾಯಿತು. ಅಂದರೆ ಸಾಮಾನ್ಯ ಹೊತ್ತಿನಲ್ಲಿ ಮಿದುಳು ನಮ್ಮ ಪೂರ್ತಿ ಬಲವನ್ನು ಹೊರಗೆ ಬಿಡುವುದಿಲ್ಲ, ಒಂದಿಷ್ಟು ಹಿಡಿದಿಟ್ಟುಕೊಂಡಿರುತ್ತದೆ. ಹುರುಪು ಏರಿದಾಗ ಆ ಬಿಗಿ ಸಡಿಲವಾಗುತ್ತದೆ.

ಆದರೆ ಇಲ್ಲಿ ಹೆಚ್ಚುವುದು ಆ ಕ್ಷಣದ ಬಲ ಮಾತ್ರ. ಆ ಬಲವನ್ನು ತಾಳಿಕೊಳ್ಳಬೇಕಾದ ಬೆನ್ನು, ಕೀಲು, ಸ್ನಾಯುರಜ್ಜು ಮೊದಲಿನಷ್ಟೇ ಇರುತ್ತವೆ.

ಜಿರಳೆಗಳು ಹೇಳಿದ ಪಾಠ

ಜನ ನೋಡುತ್ತಿದ್ದರೆ ಎಲ್ಲ ಕೆಲಸವೂ ಚೆನ್ನಾಗಿ ಆಗುವುದಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1965ರಲ್ಲಿ ಇದಕ್ಕೊಂದು ಸರಳ ವಿವರಣೆ ಕೊಟ್ಟರು: ಚೆನ್ನಾಗಿ ರೂಢಿಯಾದ ಕೆಲಸ ಜನರೆದುರು ಇನ್ನೂ ಚೆನ್ನಾಗಿ ಆಗುತ್ತದೆ, ಸರಿಯಾಗಿ ಕಲಿಯದ ಕೆಲಸ ಇನ್ನೂ ಕೆಡುತ್ತದೆ. 1969ರಲ್ಲಿ ಅವರ ತಂಡ ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿತು. ಬೆಳಕಿನಿಂದ ಕತ್ತಲಿಗೆ ಓಡುವ ದಾರಿ ನೇರವಾಗಿದ್ದಾಗ, ಉಳಿದ ಜಿರಳೆಗಳು 'ನೋಡುತ್ತಿದ್ದರೆ' ಓಟ ಚುರುಕಾಯಿತು. ದಾರಿಯಲ್ಲಿ ತಿರುವಿದ್ದಾಗ ಅದೇ ಪ್ರೇಕ್ಷಕರೆದುರು ಓಟ ನಿಧಾನವಾಯಿತು.

ಗುಂಡು ಎತ್ತುವುದಕ್ಕೂ ಇದು ಹೊಂದುತ್ತದೆ. ಭಾರವನ್ನು ಮೈಗೆ ಹತ್ತಿರ ಇಟ್ಟುಕೊಂಡು, ಬೆನ್ನು ಬಾಗಿಸದೆ, ಕಾಲಿನ ಬಲದಿಂದ ಏಳುವುದು ಗರಡಿಯಲ್ಲಿ ತಿಂಗಳುಗಟ್ಟಲೆ ರೂಢಿಯಾಗಿದ್ದರೆ ಜಾತ್ರೆಯ ಗದ್ದಲ ಅದನ್ನು ಗಟ್ಟಿ ಮಾಡುತ್ತದೆ. ರೂಢಿಯಾಗದಿದ್ದರೆ ದೇಹ ತನಗೆ ಗೊತ್ತಿರುವ ಹಳೆಯ ದಾರಿಯನ್ನೇ ಹಿಡಿದು, ಸೊಂಟ ಬಗ್ಗಿಸಿ ಜಗ್ಗುತ್ತದೆ.

ದಿನಾ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲರಿಗೆ ತಯಾರಿ ಬೇಡ ಎಂಬ ಮಾತೂ ಅರ್ಧ ನಿಜ. ಬೆನ್ನ ಮೇಲೆ ಹೊತ್ತು ನಡೆಯುವುದು ಬೇರೆ, ಹಿಡಿತವಿಲ್ಲದ ದುಂಡು ಕಲ್ಲನ್ನು ನೆಲದಿಂದ ಎದೆಗೆ ತರುವುದು ಬೇರೆ. ದೇಹ ಯಾವ ಕೆಲಸವನ್ನು ಮಾಡುತ್ತಾ ಬಂದಿದೆಯೋ ಅದಕ್ಕೇ ಹೆಚ್ಚು ಹೊಂದಿಕೊಂಡಿರುತ್ತದೆ.

ಬಲ ಬೇಗ ಬರುತ್ತದೆ, ಗಟ್ಟಿತನ ತಡವಾಗಿ

ತಾಲೀಮು ಶುರುಮಾಡಿದ ಮೊದಲ ಕೆಲವು ವಾರಗಳಲ್ಲೇ ಎತ್ತುವ ಭಾರ ಏರತೊಡಗುತ್ತದೆ. ಇದಕ್ಕೆ ಮುಖ್ಯ ಕಾರಣ ಸ್ನಾಯು ದಪ್ಪವಾಗುವುದಲ್ಲ. ಇರುವ ಸ್ನಾಯುವನ್ನೇ ನರಮಂಡಲ ಹೆಚ್ಚು ಚೆನ್ನಾಗಿ ದುಡಿಸಲು ಕಲಿಯುತ್ತದೆ. ಸ್ನಾಯು ಬೆಳೆದದ್ದು ಕಣ್ಣಿಗೆ ಕಾಣಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಇನ್ನೂ ನಿಧಾನ. ಅದಕ್ಕೆ ರಕ್ತದ ಹರಿವು ಕಡಿಮೆ, ಅದರ ನಾರುಗಳು ಹೊಸದಾಗುವುದೂ ತಡ.

ಅಹಂ ನೋಡುವುದು ಎತ್ತಿದ ಕಿಲೋ ಲೆಕ್ಕವನ್ನು ಮಾತ್ರ. 'ಎರಡು ತಿಂಗಳಲ್ಲಿ ಇಷ್ಟು ಏರಿಸಿದೆ, ಇನ್ನೊಂದು ತಿಂಗಳಲ್ಲಿ ಅಷ್ಟು' ಎಂದು ಅದು ಲೆಕ್ಕ ಹಾಕುತ್ತದೆ. ಆಗ ಮೊದಲು ಸೋಲುವುದು ಹಿಂದೆ ಬಿದ್ದಿರುವ ಸ್ನಾಯುರಜ್ಜು.

ತಯಾರಿ ಇಲ್ಲದ ಮೈಗೆ ಏನಾಗುತ್ತದೆ?

ರಕ್ತದೊತ್ತಡ: ಉಸಿರು ಬಿಗಿಹಿಡಿದು ಭಾರ ಎತ್ತುವಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅನುಭವಿ ದೇಹದಾರ್ಢ್ಯ ಪಟುಗಳು ಎರಡೂ ಕಾಲಿನಿಂದ ಭಾರ ಒತ್ತುವಾಗ ಅದು ಸರಾಸರಿ 320/250ಕ್ಕೆ ಏರಿತ್ತು. ವಿಶ್ರಾಂತಿಯಲ್ಲಿ ಇರಬೇಕಾದದ್ದು 120/80ರ ಆಸುಪಾಸು. ಭಾರ ಇಳಿಸಿದ ಕೂಡಲೇ ಒತ್ತಡವೂ ಇಳಿಯುತ್ತದೆ, ಆರೋಗ್ಯವಂತರು ತಾಳಿಕೊಳ್ಳುತ್ತಾರೆ. ಬಿ.ಪಿ. ಇದ್ದೂ ಪರೀಕ್ಷೆ ಮಾಡಿಸಿಕೊಳ್ಳದವರಿಗೆ ಇದು ಹುಡುಗಾಟವಲ್ಲ.

ಸ್ನಾಯು ಕರಗುವುದು: ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಮರುದಿನ ತೊಡೆ ನೋಯಲು ಹೆಚ್ಚಿನ ಕಾರಣ ಇಳಿದದ್ದು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದರಿಂದ ನಾರುಗಳಿಗೆ ಸಣ್ಣ ಗಾಯಗಳಾಗುತ್ತವೆ. ಒಂದರಿಂದ ಮೂರು ದಿನದೊಳಗೆ ಜೋರಾಗಿ ಆಮೇಲೆ ಇಳಿಯುವ ಈ ನೋವು ಸಹಜ. ಆದರೆ ರೂಢಿಯಿಲ್ಲದವರು ಪಂಥ ಕಟ್ಟಿ ನೂರಾರು ಬಸ್ಕಿ ಹೊಡೆದರೆ ಸ್ನಾಯುಕೋಶಗಳೇ ಒಡೆದು, ಅವುಗಳ ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಇದನ್ನು ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ತಡೆಯಲಾರದ ನೋವು, ಬಾವು, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ ಇದರ ಗುರುತು. ಆಗ ಎಣ್ಣೆ ತಿಕ್ಕುತ್ತಾ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೃದಯ: 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ 'ಜಿಮ್ಮೇ ಅಪಾಯ' ಎಂಬ ಭಯ ರಾಜ್ಯದ ತುಂಬಾ ಹರಡಿತು. ಒಬ್ಬರ ಸಾವಿನಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತಕ್ಕೊಳಗಾದ 1,228 ಜನರ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಒಂದು ಸಲವೂ ಶ್ರಮದ ವ್ಯಾಯಾಮ ಮಾಡದವರಲ್ಲಿ, ಭಾರಿ ಶ್ರಮಪಟ್ಟ ನಂತರದ ಒಂದು ತಾಸಿನಲ್ಲಿ ಹೃದಯಾಘಾತದ ಸಂಭವ ಉಳಿದ ಹೊತ್ತಿಗಿಂತ 107 ಪಟ್ಟು ಹೆಚ್ಚಿತ್ತು. ವಾರಕ್ಕೆ ಐದು ಅಥವಾ ಹೆಚ್ಚು ಸಲ ಮಾಡುವವರಲ್ಲಿ ಅದು 2.4 ಪಟ್ಟು ಮಾತ್ರ. ಯಾವುದೇ ಒಂದು ತಾಸಿನಲ್ಲಿ ಹೃದಯಾಘಾತವಾಗುವ ಸಂಭವ ಮೊದಲೇ ತೀರಾ ಕಡಿಮೆ ಎಂಬುದನ್ನೂ ನೆನಪಿಡಬೇಕು. ಆದರೂ ಶ್ರಮ ಒಂದೇ ಇದ್ದಾಗ ವ್ಯತ್ಯಾಸ ಮಾಡಿದ್ದು ರೂಢಿ.

ಮೊದಲ ಭಾರ ಯಾವುದು?

ಅಹಂ ಮತ್ತು ತಯಾರಿಯ ಜಗ್ಗಾಟ ವೇಟ್‌ಲಿಫ್ಟಿಂಗ್ ಕ್ರೀಡೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಸ್ನ್ಯಾಚ್‌ನಲ್ಲಿ ಮೂರು, ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರು ಯತ್ನ. ಮೊದಲ ಭಾರವನ್ನು ಸ್ಪರ್ಧಿಯೇ ಆರಿಸಿಕೊಳ್ಳಬೇಕು. ಸೋತರೆ ಭಾರ ಇಳಿಸುವಂತಿಲ್ಲ, ಅಷ್ಟೇ ಭಾರವನ್ನೋ ಅದಕ್ಕಿಂತ ಹೆಚ್ಚನ್ನೋ ಎತ್ತಬೇಕು. ಮೂರೂ ಯತ್ನ ಸೋತರೆ ಒಟ್ಟು ಅಂಕವೇ ಇಲ್ಲ. ಮೊದಲ ಭಾರವನ್ನು ಅಹಂ ಆರಿಸಿದರೆ ಬರಿಗೈಲಿ ಮನೆಗೆ ಬರಬೇಕಾದೀತು.

ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಕುಸ್ತಿಯ ಆಸೆ ಇಟ್ಟುಕೊಂಡಿದ್ದವರು, ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವುದಕ್ಕೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ, ಕ್ಲೀನ್ ಅಂಡ್ ಜರ್ಕ್‌ನ ಕೊನೆಯ ಯತ್ನದಲ್ಲಿ 138 ಕೆ.ಜಿ. ಎತ್ತಿ, ಒಟ್ಟು 249 ಕೆ.ಜಿ.ಯೊಂದಿಗೆ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ನಾಲ್ಕು ವರ್ಷದಲ್ಲಿ ಏರಿದ್ದು 20 ಕೆ.ಜಿ., ಅದೂ ಮೇಲಿನ ತೂಕದ ವಿಭಾಗದಲ್ಲಿ. ಎರಡು ತಿಂಗಳಲ್ಲಿ ದುಪ್ಪಟ್ಟು ಎತ್ತುತ್ತೇನೆ ಎನ್ನುವವರು ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಅಹಂ ಕೆಟ್ಟದ್ದೇ?

ಹಾಗೇನಿಲ್ಲ. ಗೆಲ್ಲಬೇಕೆಂಬ ಆಸೆ ಇಲ್ಲದೆ ಯಾರೂ ನಸುಕಿನಲ್ಲೆದ್ದು ದಂಡ ಹೊಡೆಯುವುದಿಲ್ಲ. ಜಾನ್ ನಿಕೋಲ್ಸ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಎರಡು ಬಗೆಯ ಅಳತೆಗೋಲುಗಳನ್ನು ಗುರುತಿಸಿದರು. 'ನಿನ್ನೆಗಿಂತ ಇಂದು ಚೆನ್ನಾಗಿ ಮಾಡಿದೆನೇ?' ಎಂಬುದು ಒಂದು. 'ಅವನಿಗಿಂತ ನಾನು ಮೇಲೇ?' ಎಂಬುದು ಇನ್ನೊಂದು. ಒಬ್ಬರಲ್ಲೇ ಎರಡೂ ಇರಬಹುದು. ಎರಡನೆಯದೊಂದೇ ಉಳಿದಾಗ ತೊಂದರೆ. ಆಗ ಎತ್ತುವ ಭಾರವನ್ನು ನಿಮ್ಮ ಮೈ ನಿರ್ಧರಿಸುವುದಿಲ್ಲ, ಪಕ್ಕದವನು ಎತ್ತಿದ ಭಾರ ನಿರ್ಧರಿಸುತ್ತದೆ.

ತಯಾರಿಯನ್ನು ಅಳೆಯುವುದು ಹೇಗೆ?

• ಬೆನ್ನು ಬಾಗದೆ, ಬೇರೆ ಬೇರೆ ದಿನಗಳಲ್ಲಿ, ಹಲವು ಸಲ ಎತ್ತಿದ ಭಾರವೇ ನಿಮ್ಮ ಭಾರ. ಒಂದು ದಿನ ಹೇಗೋ ಎತ್ತಿದ್ದು ಲೆಕ್ಕಕ್ಕಿಲ್ಲ.

• ಸ್ಪರ್ಧೆಯ ಮೊದಲ ಯತ್ನಕ್ಕೆ, ಮಾಮೂಲಿ ದಿನ ಬಿಡದೆ ಮೂರು ಸಲ ಎತ್ತಬಲ್ಲ ಭಾರವನ್ನು ಆರಿಸಿ.

• ಪ್ರತಿ ತಾಲೀಮಿನ ನಂತರ ಎಷ್ಟು ಕಷ್ಟವಾಯಿತೆಂದು 10ಕ್ಕೆ ಅಂಕ ಕೊಟ್ಟು, ಅದನ್ನು ತಾಲೀಮಿನ ನಿಮಿಷಗಳಿಂದ ಗುಣಿಸಿ ಬರೆದಿಡಿ. ವಾರದ ಮೊತ್ತ ದಿಢೀರನೆ ಏರಿದ್ದರೆ ಮುಂದಿನ ವಾರ ತಗ್ಗಿಸಿ.

• ಜ್ವರವಿದ್ದಾಗ, ನಿದ್ದೆಗೆಟ್ಟಾಗ, ಹಳೆಯ ಗಾಯ ನೋಯುವಾಗ ಸ್ಪರ್ಧೆ ಬೇಡ.

• ಬೇಸಿಗೆಯ ಬಿಸಿಲಿಗೆ ಮೈ ಹೊಂದಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಮೈ ಸುಡುತ್ತಾ ಮಾತು ತೊದಲಿದರೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಆಂಬುಲೆನ್ಸ್ ಕರೆಸಿ.

• ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕಾಣಿ.

ಹರಿದ ಸ್ನಾಯುರಜ್ಜು ಮಾಗಲು ತಿಂಗಳುಗಳೇ ಬೇಕು. ನಾಟಿ, ಕೊಯ್ಲು, ಹಮಾಲಿ ಕೆಲಸವನ್ನೇ ನಂಬಿದ ಮನೆಯಲ್ಲಿ ಅದರರ್ಥ ಒಂದು ಹಂಗಾಮಿನ ಕೂಲಿ ಹೋದಂತೆ. ಹಾಗಾಗಿ ಕೇಕೆ ಹಾಕುವವರಿಗೂ ಒಂದು ಜವಾಬ್ದಾರಿ ಇದೆ. ಎತ್ತುವವನ ಬೆನ್ನು ಬಾಗಿದ್ದು ಅವನಿಗಿಂತ ಮೊದಲು ಸುತ್ತ ನಿಂತವರಿಗೆ ಕಾಣುತ್ತದೆ. 'ಇಳಸು, ಮುಂದಿನ ಜಾತ್ರಿಗೆ ಎತ್ತಿದ್ರಾತು' ಎಂದು ಅವರಲ್ಲೊಬ್ಬರು ಕೂಗಿದರೂ ಸಾಕು, ಅವನು ಮಾನ ಹೋಯಿತೆಂದುಕೊಳ್ಳದೆ ಕಲ್ಲು ಇಳಿಸುತ್ತಾನೆ.